ಹ ಸಿಗದಿದ್ದರೆ ಅ ನೋಡು

ದೊಡ್ಡಾಸ್ಪತ್ರೆಯ ರೆಕಾರ್ಡ್ ರೂಮಿಗೆ ಕಿಟಕಿ ಒಂದೇ.
ಗಾಳಿ ತಿರುಗಿದ ದಿನ
ಮಂಡಕ್ಕಿ ಭಟ್ಟಿಗಳ ಹೊಗೆ ಒಳಗೆ ಬಂದು
ನಲವತ್ತು ವರ್ಷದ ಕೇಸ್ ಶೀಟುಗಳ ಮೇಲೆ ಕೂರುತ್ತದೆ.
ನಾನು ಒರೆಸುತ್ತೇನೆ, ಓದುತ್ತೇನೆ, ಕೀಲಿ ಒತ್ತುತ್ತೇನೆ.
ಸಾಲಿಗೆ ಎರಡು ರೂಪಾಯಿ.

ನನಗಿಂತ ಮೊದಲು ಇಲ್ಲಿದ್ದವರು ದಾದಾಪೀರ್.
ಅವರದು ದಾರದ ಲೆಕ್ಕ:
ತಾಯಿಯ ಹೆಸರಿನ ಮೊದಲಕ್ಷರಕ್ಕೊಂದು ಬಣ್ಣ,
ಬಣ್ಣಕ್ಕೊಂದು ಗೂಡು.
ಮಲ್ಲಮ್ಮ, ಮಾರಕ್ಕ, ಮೆಹರುನ್ನೀಸಾ
ಒಂದೇ ಹಸಿರು ದಾರದಲ್ಲಿ
ಸೊಂಟಕ್ಕೆ ಸೊಂಟ ತಾಗಿಸಿ ಮಲಗಿದ್ದರು.
ಗೂಡು ಸಿಕ್ಕರೆ ಕೆಲಸ ಮುಗಿಯಲಿಲ್ಲ,
ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಬೇಕು,
ನೀನಾ? ನೀನಲ್ಲ. ನೀನಾ?

ನನ್ನ ಯಂತ್ರ ಹಾಗಲ್ಲ.
ಸೂಚಿ ಎಂಬುದೊಂದು ಮರವಿದೆ ಅದರೊಳಗೆ,
ಬೇರು ಮೇಲೆ, ಎಲೆ ಕೆಳಗೆ.
ಬೇರಿನ ಬಳಿ ನಿಂತು ಹೆಸರು ಕೊಟ್ಟರೆ
ಮಕಾರಕ್ಕಿಂತ ಹಿಂದೋ ಮುಂದೋ ಅನ್ನುತ್ತದೆ,
ಆ ಕೊಂಬೆಗೆ ಕಳಿಸುತ್ತದೆ.
ಅಲ್ಲಿ ಮತ್ತೆ ಅದೇ ಪ್ರಶ್ನೆ, ಬೇರೆ ಅಕ್ಷರ.
ಮೂರು ಕವಲು, ಹೆಚ್ಚೆಂದರೆ ನಾಲ್ಕು.
ಎರಡು ಲಕ್ಷ ಹೆರಿಗೆಯಲ್ಲಿ ಒಂದು ಹೆರಿಗೆ
ರೆಪ್ಪೆ ಬಡಿಯುವುದರೊಳಗೆ ಕೈಗೆ ಬರುತ್ತದೆ.
ಜಂಬವಿತ್ತು ನನಗೆ. ಸುಳ್ಳೇಕೆ.

ಮಂಗಳವಾರ, ಊಟದ ಹೊತ್ತಿಗೆ ಬಂದಳು ಆಕೆ.
ಚೀಟಿಯಿಲ್ಲ, ನಂಬರಿಲ್ಲ.
ಹೆಸರು ಹನುಮಕ್ಕ, ಊರು ಹೆಬ್ಬಾಳು.
ಎಂಬತ್ತೊಂಬತ್ತರ ಮಾಗಿ, ಹೆಣ್ಣು ಕೂಸು,
ಮೂರು ದಿನ ಇತ್ತು.
ಸರ್ಟಿಫಿಕೇಟು ಬೇಕಾ ಅಂದೆ.
"ಬ್ಯಾಡವ್ವ. ತೂಕ ಬೇಕು.
ಇಲಿಮರಿಯಷ್ಟಿತ್ತು ಅಂತ
ನಮ್ಮತ್ತಿ ಸಾಯೋತನಕ ಅಂದ್ಲು.
ನನ್ನ ಕೈಗೆ ಗೊತ್ತೈತಿ,
ಅಂಗಿರಲಿಲ್ಲ."

ಒತ್ತಿದೆ.
ಮರ ತನ್ನ ಕವಲುಗಳನ್ನು ಇಳಿದು ಬಂದು ಹೇಳಿತು:
ಸೊನ್ನೆ ಸಾಲು.
ಹೊತ್ತೇ ಹಿಡಿಯಲಿಲ್ಲ.
ಇಲ್ಲ ಅನ್ನುವುದಕ್ಕೂ ಅದಕ್ಕೆ ಅಷ್ಟೇ ಅವಸರ.

ಹನಮಕ್ಕ. ಸೊನ್ನೆ.
ಹನುಮವ್ವ. ಸೊನ್ನೆ.
ಆಕೆ ಪರದೆ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ದಾದಾಪೀರರಿಗೆ ಫೋನು ಹಚ್ಚಿದೆ.
ಆಜಾದ್ ನಗರದ ಮನೆಕಟ್ಟೆಯಲ್ಲಿ
ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರಂತೆ.
"ಆಕಿ ಹೇಳಿದ್ದನ್ನ ಒತ್ತಿದ್ಯೋ,
ನಿನ್ನ ಸಾಲಿ ಕಲಿಸಿದ್ದನ್ನೋ?" ಅಂದರು.
"ಹ ಸಿಗದಿದ್ರೆ ಅ ನೋಡು ತಂಗಿ,
ಹೆ ಸಿಗದಿದ್ರೆ ಎ.
ಆಗಿನ ನರ್ಸಮ್ಮ ಕಿವಿಗೆ ಬಿದ್ದಂಗೆ ಬರೀತಿದ್ಲು.
ಅಂಥವಕ್ಕೆ ನಾನು ಎರಡೆರಡು ದಾರ ಕಟ್ತಿದ್ದೆ."

ಇನ್ನೊಮ್ಮೆ ಹೇಳಮ್ಮ, ನಿನ್ನ ಹೆಸರು.
"ಅನುಮಕ್ಕ."
ಊರು?
"ಎಬ್ಬಾಳು."
ಅಷ್ಟೂ ಹೊತ್ತು ಅದನ್ನೇ ಹೇಳಿದ್ದಳು.
ನನ್ನ ಕಿವಿ ತಿದ್ದಿಕೊಂಡಿತ್ತು.

ಅ ಇರುವುದು ಮರದ ಆ ತುದಿಯಲ್ಲಿ,
ಹ ಇರುವುದು ಈ ತುದಿಯಲ್ಲಿ.
ಒಂದೇ ಹೆಂಗಸು,
ನಡುವೆ ವರ್ಣಮಾಲೆಯಷ್ಟು ದೂರ.
ಅನಸೂಯಮ್ಮನ ಪಕ್ಕದಲ್ಲೇ ಇದ್ದಳು:
ಅನುಮಕ್ಕನ ಮಗು. ಹೆಣ್ಣು.
ಮಗುವಿನ ಹೆಸರು ಖಾಲಿ.
ಖಾಲಿ ಎಂದರೆ ಸೊನ್ನೆಯಲ್ಲ
ಎಂದು ಮೊದಲ ವಾರವೇ ಕಲಿಸಿದ್ದರು.
ಸೊನ್ನೆಗೆ ಏನಾದರೂ ಕೂಡಿಸಬಹುದು,
ಖಾಲಿಗೆ ಏನು ಕೂಡಿಸಿದರೂ ಖಾಲಿಯೇ.

ಆ ಸಾಲನ್ನು ಒತ್ತಿದ್ದು ನಾನೇ,
ಹೋದ ಆಷಾಢದಲ್ಲಿ, ಎರಡು ರೂಪಾಯಿಗೆ.
ಬದಿಯಲ್ಲಿ ನನ್ನ ನಂಬರಿತ್ತು.
ನನಗೆ ಒಂದಿಷ್ಟೂ ನೆನಪಿರಲಿಲ್ಲ.

ತೂಕ: ಎರಡು ಕಿಲೋ ಒಂಬೈನೂರು.

ಓದಿದೆ. ಇನ್ನೊಮ್ಮೆ ಅಂದಳು.
ಇನ್ನೊಮ್ಮೆ ಓದಿದೆ.
ಆಕೆ ಎರಡು ಅಂಗೈ ಜೋಡಿಸಿ,
ಎದೆಮಟ್ಟಕ್ಕೆ ತಂದು,
ಬರಿಗಾಳಿಯನ್ನು ಮೆಲ್ಲಗೆ ತೂಗಿ ನೋಡಿದಳು.

"ಔದು" ಅಂದಳು.

ಅದನ್ನು ನಾನು ತಿದ್ದಿಕೊಳ್ಳಲಿಲ್ಲ.